ಚಿಕ್ಕಬಳ್ಳಾಪುರದ ಹಿತ್ತಲಿಂದ ಪ್ಲಾನೆಟರಿ ನೆಬ್ಯುಲಾ ನೋಡೋದು, ಫೋಟೋ ತೆಗೆಯೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಟೆಲಿಸ್ಕೋಪ್ ತಗೊಂಡವರು ಚಂದ್ರ ನೋಡ್ತಾರೆ, ಶನಿಯ ಉಂಗುರ ನೋಡ್ತಾರೆ, ಗುರುವಿನ ಉಪಗ್ರಹ ನೋಡ್ತಾರೆ, ಆಮೇಲೆ ಟೆಲಿಸ್ಕೋಪ್ ಅಟ್ಟ ಸೇರುತ್ತೆ. ಯಾಕಂದ್ರೆ ನೆಬ್ಯುಲಾ (ಆಕಾಶದಲ್ಲಿರೋ ಅನಿಲದ ಮೋಡ) ನೋಡ್ಬೇಕು ಅಂದ್ರೆ ಲಡಾಖ್‌ಗೇ ಹೋಗ್ಬೇಕು ಅಂತ ಯಾರೋ ಹೇಳಿರ್ತಾರೆ. ಬೇರೆ ನೆಬ್ಯುಲಾಗಳ ವಿಷಯದಲ್ಲಿ ಅದು ಸ್ವಲ್ಪ ನಿಜ ಇರಬಹುದು, ಪ್ಲಾನೆಟರಿ ನೆಬ್ಯುಲಾ ವಿಷಯದಲ್ಲಿ ಖಂಡಿತ ಅಲ್ಲ. ಬೀದಿ ದೀಪ ಇರೋ ಊರಿನ ಹಿತ್ತಲಿಂದಲೇ ಇವನ್ನ ಚೆನ್ನಾಗಿ ನೋಡ್ಬೋದು. ಜನ ಮತ್ತೆ ಮತ್ತೆ ಕೇಳೋ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇರಲಿ ಅಂತ ಇಲ್ಲಿ ಬರೆದಿದ್ದೀನಿ.

ಪ್ಲಾನೆಟರಿ ನೆಬ್ಯುಲಾ ಅಂದ್ರೆ ಏನು? ಗ್ರಹಕ್ಕೂ ಅದಕ್ಕೂ ಏನಾದ್ರೂ ಸಂಬಂಧ ಇದ್ಯಾ?

ಸಂಬಂಧ ಇಲ್ಲ. ಸೂರ್ಯನಂಥ ನಕ್ಷತ್ರ, ಹೆಚ್ಚು ಅಂದ್ರೆ ಸೂರ್ಯನ ಎಂಟು ಪಟ್ಟು ತೂಕ ಇರೋವರೆಗಿನ ನಕ್ಷತ್ರ, ಒಳಗಿನ ಇಂಧನ ಮುಗೀತಾ ಬಂದಾಗ ಊದಿಕೊಂಡು ಕೆಂಪು ದೈತ್ಯ ಆಗುತ್ತೆ, ಹೊರಗಿನ ಪದರಗಳನ್ನ ಆಕಾಶಕ್ಕೆ ಬಿಟ್ಟುಬಿಡುತ್ತೆ, ನಡುವೆ ವಿಪರೀತ ಬಿಸಿ ಇರೋ ತಿರುಳು ಮಾತ್ರ ಉಳಿಯುತ್ತೆ. ಆ ತಿರುಳಿಂದ ಬರೋ ಅಲ್ಟ್ರಾವಯಲೆಟ್ ಬೆಳಕು ಸುತ್ತಲಿನ ಅನಿಲಕ್ಕೆ ಬಿದ್ದು ಅನಿಲ ಹೊಳೆಯುತ್ತೆ. ನಾವು ನೋಡೋದು ಅದನ್ನೇ. ಸುಮಾರು ಹತ್ತು ಇಪ್ಪತ್ತು ಸಾವಿರ ವರ್ಷದಲ್ಲಿ ಅನಿಲ ಚದುರಿ ಹೋಗುತ್ತೆ, ತಿರುಳು ಶ್ವೇತ ಕುಬ್ಜ ಆಗಿ ನಿಧಾನವಾಗಿ ತಣ್ಣಗಾಗುತ್ತೆ. ಸೂರ್ಯನಿಗೂ ಸುಮಾರು 500 ಕೋಟಿ ವರ್ಷ ಆದ್ಮೇಲೆ ಇಂಥದ್ದೇ ಕೊನೆ. ಹೆಸರು ಬಂದಿದ್ದು ವಿಲಿಯಂ ಹರ್ಷೆಲ್ ಕಾಲದಲ್ಲಿ, 1781ರಲ್ಲಿ ಯುರೇನಸ್ ಕಂಡುಹಿಡಿದಿದ್ದ ಅವರಿಗೆ ಈ ದುಂಡಗಿನ ಸಣ್ಣ ಬಿಲ್ಲೆಗಳು ಗ್ರಹದ ಹಾಗೇ ಕಂಡವು, ಅದೇ ಉಳ್ಕೊಂಡಿದೆ.

ಬೀದಿ ದೀಪ, ಪಕ್ಕದ ಮನೆ ಎಲ್‌ಇಡಿ ಎಲ್ಲ ಇರುವಾಗ ಹೇಗೆ ಸರ್ ಕಾಣುತ್ತೆ?

ಇಡೀ ವಿಷಯದ ಗುಟ್ಟು ಇದೇ ಪ್ರಶ್ನೆಯಲ್ಲಿದೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಗ್ಯಾಲಕ್ಸಿಯ ಬೆಳಕು ಅಂದ್ರೆ ಕೋಟ್ಯಂತರ ನಕ್ಷತ್ರಗಳ ಬೆಳಕು, ಅದರಲ್ಲಿ ಎಲ್ಲ ಬಣ್ಣಾನೂ ಹರಡಿಕೊಂಡಿರುತ್ತೆ, ಬೀದಿ ದೀಪದ ಬೆಳಕಿಂದ ಅದನ್ನ ಬೇರೆ ಮಾಡೋಕೆ ದಾರಿ ಇಲ್ಲ. ಪ್ಲಾನೆಟರಿ ನೆಬ್ಯುಲಾ ಹಾಗಲ್ಲ. 1864ರಲ್ಲಿ ವಿಲಿಯಂ ಹಗಿನ್ಸ್ ಅನ್ನೋ ಇಂಗ್ಲೆಂಡಿನ ಖಗೋಳಜ್ಞ ಕ್ಯಾಟ್ಸ್ ಐ ನೆಬ್ಯುಲಾ ಅಂತ ಈಗ ಕರೆಯೋ ಎನ್‌ಜಿಸಿ 6543 (ಎನ್‌ಜಿಸಿ ಅನ್ನೋದು ಆಕಾಶಕಾಯಗಳ ಒಂದು ಪಟ್ಟಿ, ಇದು ಅದರಲ್ಲಿನ ನಂಬರು) ಮೇಲೆ ಬೆಳಕನ್ನ ಬಣ್ಣಗಳಾಗಿ ಬಿಡಿಸೋ ಸ್ಪೆಕ್ಟ್ರೋಸ್ಕೋಪ್ ಇಟ್ಟು ನೋಡಿದ್ರು, ಕಾಮನಬಿಲ್ಲಿನ ಪಟ್ಟಿ ಬರೋ ಬದಲು ಬರೀ ಒಂದೆರಡು ಹೊಳೆಯೋ ಗೆರೆ ಬಂತು. ಅಂದ್ರೆ ಇದು ನಕ್ಷತ್ರಗಳ ಗುಂಪಲ್ಲ, ಅನಿಲ. ಅದರಲ್ಲಿ ಹಸಿರು ಗೆರೆಗಳು ಭೂಮಿ ಮೇಲಿನ ಯಾವ ವಸ್ತುವಿಗೂ ಹೊಂದಲಿಲ್ಲ, ನೆಬ್ಯುಲಿಯಂ ಅನ್ನೋ ಹೊಸ ಧಾತುವೇ ಇದೆ ಅಂತ ತುಂಬಾ ವರ್ಷ ನಂಬಿದ್ರು. 1927ರಲ್ಲಿ ಐರಾ ಬೋವೆನ್ ಅದನ್ನ ಬಿಡಿಸಿದ್ರು: ಅದು ಎರಡು ಎಲೆಕ್ಟ್ರಾನ್ ಕಳ್ಕೊಂಡ ಮಾಮೂಲಿ ಆಕ್ಸಿಜನ್, ನಮ್ಮ ಲ್ಯಾಬುಗಳಲ್ಲಿ ಮಾಡೋ ವ್ಯಾಕ್ಯೂಮ್‌ಗಿಂತಲೂ ತೆಳ್ಳಗಿರೋ ಅನಿಲದಲ್ಲಿ ಮಾತ್ರ ಆ ಬೆಳಕು ಹೊಮ್ಮೋಕೆ ಸಾಧ್ಯ.

ಆ ಎರಡು ಗೆರೆ ಇರೋದು 495.9 ಮತ್ತು 500.7 ನ್ಯಾನೋಮೀಟರ್‌ನಲ್ಲಿ. ನಮ್ಮ ಕಣ್ಣಿಗೆ ಕಾಣೋ ನೆಬ್ಯುಲಾ ಬೆಳಕಿನಲ್ಲಿ ದೊಡ್ಡ ಪಾಲು ಇದೇ. ಓ-ಥ್ರೀ ಫಿಲ್ಟರ್ ಅಂತ ಸಿಗುತ್ತಲ್ಲ, ಅದು ಇಷ್ಟನ್ನ ಮಾತ್ರ ಒಳಗೆ ಬಿಟ್ಟು ಮಿಕ್ಕಿದ್ದನ್ನ ತಡೆಯುತ್ತೆ, ಆಕಾಶ ಕಪ್ಪಾಗುತ್ತೆ, ನೆಬ್ಯುಲಾ ಉಳಿಯುತ್ತೆ. ಹಳೇ ಸೋಡಿಯಂ ದೀಪ ಇದ್ದಾಗ ಈ ಫಿಲ್ಟರ್ ಇನ್ನೂ ಚೆನ್ನಾಗಿ ಕೆಲಸ ಮಾಡ್ತಿತ್ತು, ಬಿಳಿ ಎಲ್‌ಇಡಿ ಬೆಳಕು 500ರ ಹತ್ತಿರಾನೂ ಹರಡಿಕೊಂಡಿರೋದ್ರಿಂದ ಸ್ವಲ್ಪ ಒಳಗೆ ಬಂದೇ ಬರುತ್ತೆ. ಆದ್ರೂ ಫಿಲ್ಟರ್ ಹಾಕಿದ್ದಕ್ಕೂ ಹಾಕದೇ ಇದ್ದಿದ್ದಕ್ಕೂ ಇರೋ ವ್ಯತ್ಯಾಸ ನೋಡಿದವರು ಯಾರೂ ಮತ್ತೆ ಅದನ್ನ ತೆಗೆದಿಡಲ್ಲ. ಟೆಲಿಸ್ಕೋಪ್ ಆದ್ಮೇಲೆ ಒಂದೇ ಒಂದು ವಸ್ತುವಿಗೆ ದುಡ್ಡು ಹಾಕೋದಾದ್ರೆ ಇದಕ್ಕೆ ಹಾಕಿ.

ಇನ್ನೊಂದು ಕಾರಣ, ಇವು ಗಾತ್ರದಲ್ಲಿ ಚಿಕ್ಕವು, ಬೆಳಕೆಲ್ಲ ಒಂದೇ ಕಡೆ ಒತ್ತಾಗಿರುತ್ತೆ. ಹಾಗಾಗಿ ಮ್ಯಾಗ್ನಿಫಿಕೇಶನ್ ಧೈರ್ಯವಾಗಿ 150, 200ಕ್ಕೆ ಏರಿಸ್ಬೋದು. ಏರಿಸಿದಾಗ ಆಕಾಶವೂ ನೆಬ್ಯುಲಾನೂ ಎರಡೂ ಮಂಕಾಗುತ್ತೆ ನಿಜ, ಆದ್ರೆ ದೊಡ್ಡದಾಗಿ ಕಂಡಷ್ಟೂ ಕಣ್ಣಿಗೆ ಆಕಾರ ಹಿಡಿಯೋದು ಸುಲಭ.

ಪಕ್ಕದ ತೋಟದಲ್ಲಿ ಸೇವಂತಿಗೆಗೆ ರಾತ್ರಿ ಹೊತ್ತು ಸಾಲು ಸಾಲು ಬಲ್ಬ್ ಹಾಕ್ತಾರೆ. ಏನು ಮಾಡ್ಲಿ?

ಇದು ನಮ್ಮ ಜಿಲ್ಲೆಯವರಿಗೇ ಇರೋ ಪ್ರಶ್ನೆ. ಸೇವಂತಿಗೆ ರಾತ್ರಿ ಉದ್ದ ಇದ್ದಾಗ ಮೊಗ್ಗು ಬಿಡೋ ಗಿಡ, ರಾತ್ರಿ ದೀಪ ಹಾಕಿದ್ರೆ ಮೊಗ್ಗು ತಡವಾಗುತ್ತೆ, ಅಷ್ಟರಲ್ಲಿ ಗಿಡ ಎತ್ತರ ಬೆಳೆಯುತ್ತೆ. ಅದು ಅವರ ಬದುಕು, ಆರಿಸಿ ಅಂತ ಕೇಳೋದು ಸರಿಯಲ್ಲ. ಆದ್ರೆ ಬೆಳೆ ಪೂರ್ತಿ ದೀಪ ಇರಲ್ಲ, ಗಿಡ ಬೇಕಾದಷ್ಟು ಎತ್ತರ ಬಂದ್ಮೇಲೆ ನಿಲ್ಲಿಸ್ತಾರೆ, ಯಾವಾಗ ನಿಲ್ಲಿಸ್ತೀರಣ್ಣ ಅಂತ ಕೇಳಿ ಇಟ್ಕೊಳ್ಳಿ, ಅವರನ್ನೂ ಒಂದು ರಾತ್ರಿ ಕರೆದು ತೋರಿಸಿ. ದೀಪ ಇರೋ ದಿನಗಳಲ್ಲಿ ಮನೆ ಗೋಡೆ ಮರೆಯಾಗೋ ಕಡೆ ಟೆಲಿಸ್ಕೋಪ್ ಇಡಿ, ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು ಐಪೀಸ್‌ಗೆ ಕಣ್ಣಿಡಿ. ನೋಡೋಕೆ ವಿಚಿತ್ರ ಅನ್ಸುತ್ತೆ, ಆದ್ರೆ ನೇರ ಬೆಳಕು ಕಣ್ಣಿಗೆ ಬೀಳದೇ ಇರೋದು ಎಲ್ಲಕ್ಕಿಂತ ಮುಖ್ಯ. ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದು ಸಲ ಫೋನ್ ನೋಡಿದ್ರೆ ಮತ್ತೆ ಮೊದಲಿಂದ.

ಎಷ್ಟು ದೊಡ್ಡ ಟೆಲಿಸ್ಕೋಪ್ ಬೇಕು?

ನೋಡೋಕೆ ಮಾತ್ರ ಅಂದ್ರೆ 6 ಇಂಚಿನ ಡಾಬ್ಸೋನಿಯನ್ (ನೆಲದ ಮೇಲೆ ಕೂರೋ ಸ್ಟ್ಯಾಂಡಲ್ಲಿ ಕೈಯಿಂದ ತಿರುಗಿಸೋ ಕನ್ನಡಿ ಟೆಲಿಸ್ಕೋಪ್) ಸಾಕು, 8 ಇಂಚು ಆದ್ರೆ ತುಂಬಾ ಒಳ್ಳೇದು. 130 ಎಂಎಂ ನ್ಯೂಟೋನಿಯನ್ ಕನ್ನಡಿ ಟೆಲಿಸ್ಕೋಪ್ ಇದ್ರೂ ಶುರು ಮಾಡಿ, ಎಂ 57, ಎಂ 27 (ಮೆಸ್ಸಿಯೇ ಪಟ್ಟಿಯ ನಂಬರಿನ ಎರಡು ಪ್ಲಾನೆಟರಿ ನೆಬ್ಯುಲಾಗಳು) ಎರಡೂ ಕಾಣುತ್ತೆ. ಕಡ್ಡಿ ಕಾಲಿನ ಅಲ್ಲಾಡೋ ಸ್ಟ್ಯಾಂಡ್ ಇರೋ ಟೆಲಿಸ್ಕೋಪ್ ಮಾತ್ರ ಬೇಡ.

ಯಾವುದನ್ನ ಮೊದಲು ನೋಡ್ಲಿ, ಯಾವ ತಿಂಗಳಲ್ಲಿ?

ವಿದೇಶದವರು ಬರೆದ ಪುಸ್ತಕ, ವಿಡಿಯೋ ಎಲ್ಲದರಲ್ಲೂ ಬೇಸಿಗೆ ಅಂದ್ರೆ ಜುಲೈ ಆಗಸ್ಟ್‌ನಲ್ಲಿ ರಿಂಗ್ ನೆಬ್ಯುಲಾ ನೋಡಿ ಅಂತಿರುತ್ತೆ. ಆಗ ನಮಗೆ ಮಳೆಗಾಲ, ತಿಂಗಳುಗಟ್ಟಲೆ ಮೋಡ. ಅದಕ್ಕೇ ನಮ್ಮ ಕ್ಯಾಲೆಂಡರ್ ಬೇರೆ ಮಾಡ್ಕೋಬೇಕು.

ಎಂ 57 ಅಂದ್ರೆ ರಿಂಗ್ ನೆಬ್ಯುಲಾ, ಅಭಿಜಿತ್ ನಕ್ಷತ್ರದ ಪಕ್ಕ ಇರೋ ಲೈರಾ ನಕ್ಷತ್ರಪುಂಜದ ಎರಡು ನಕ್ಷತ್ರಗಳ, ಬೀಟಾ ಮತ್ತು ಗಾಮಾ, ನಡುವೆ ಇದೆ, ಹುಡುಕೋದು ಇಷ್ಟು ಸುಲಭದ್ದು ಬೇರೆ ಯಾವುದೂ ಇಲ್ಲ. ಮಾರ್ಚ್ ಕೊನೆ, ಏಪ್ರಿಲ್ ತಿಂಗಳು ಬೆಳಗಿನ ಜಾವ 4 ಗಂಟೆಗೆ ಎದ್ರೆ ಅದು ಮೇಲೆ ಬಂದಿರುತ್ತೆ, ಊರು ಮಲಗಿರುತ್ತೆ, ಅರ್ಧ ದೀಪ ಆರಿರುತ್ತೆ. ನಮ್ಮ ಅಕ್ಷಾಂಶದಿಂದ ಅದು ಉತ್ತರದ ಕಡೆ ಸುಮಾರು 70 ಡಿಗ್ರಿ ಎತ್ತರಕ್ಕೆ ಏರುತ್ತೆ. ಎಂ 27 ಡಂಬೆಲ್, 1764ರಲ್ಲಿ ಶಾರ್ಲ್ ಮೆಸ್ಸಿಯೇ ಕಂಡಿದ್ದು, ಮನುಷ್ಯ ಕಂಡ ಮೊದಲ ಪ್ಲಾನೆಟರಿ ನೆಬ್ಯುಲಾ, ಅದಂತೂ ನೆತ್ತಿ ಹತ್ತಿರಾನೇ ಹಾದು ಹೋಗುತ್ತೆ. ಬಾಣದ ಆಕಾರದ ಸಜಿಟ್ಟಾ ಹುಡುಕಿ, ಅದರ ತುದಿಯಲ್ಲಿರೋ ಗಾಮಾ ನಕ್ಷತ್ರದಿಂದ ಮೂರು ಡಿಗ್ರಿ ಉತ್ತರಕ್ಕೆ ಹೋಗಿ.

ನವೆಂಬರ್, ಡಿಸೆಂಬರ್ ಸಂಜೆ ಮಳೆ ಬಿಟ್ಟು ಧೂಳೆಲ್ಲ ತೊಳೆದು ಹೋಗಿರುತ್ತೆ, ವರ್ಷದಲ್ಲೇ ಒಳ್ಳೇ ಆಕಾಶ ಇದು. ಎಂ 57, ಎಂ 27 ಪಶ್ಚಿಮಕ್ಕೆ ಇಳೀತಿರುತ್ತೆ, ಅವನ್ನ 7 ಗಂಟೆಗೇ ಮುಗಿಸಿಬಿಡಿ. ಆಮೇಲೆ ಕುಂಭ ರಾಶಿಯ ಸ್ಯಾಟರ್ನ್ ನೆಬ್ಯುಲಾ ಎನ್‌ಜಿಸಿ 7009, ಆಂಡ್ರೋಮಿಡಾದ ಬ್ಲೂ ಸ್ನೋಬಾಲ್ ಎನ್‌ಜಿಸಿ 7662. ಈ ಎರಡೂ ಸಣ್ಣವು, ಆದ್ರೆ ಎಷ್ಟು ಪ್ರಕಾಶ ಅಂದ್ರೆ ಹುಣ್ಣಿಮೆ ಹತ್ತಿರ ಇದ್ರೂ ನೋಡ್ಬೋದು.

ಫೆಬ್ರವರಿಯಲ್ಲಿ ರಾತ್ರಿ ಒಂಬತ್ತೂವರೆ ಹತ್ತಕ್ಕೆ ಮಿಥುನ ರಾಶಿ ನೆತ್ತಿ ಮೇಲೆ, ಪುನರ್ವಸು ಗುರುತು ಇಟ್ಕೊಂಡು ಎನ್‌ಜಿಸಿ 2392 ಹುಡುಕಿ, ನಡುವೆ ನಕ್ಷತ್ರ ಸುತ್ತ ಮಬ್ಬು ಎರಡೂ ಸ್ಪಷ್ಟ. ಮಾರ್ಚ್ ಕೊನೆಗೆ ಹತ್ತು ಗಂಟೆಗೆ ಹೈಡ್ರಾದಲ್ಲಿ ಘೋಸ್ಟ್ ಆಫ್ ಜುಪಿಟರ್, ಎನ್‌ಜಿಸಿ 3242. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಇದೇ ರಾಜ, ಯಾಕೋ ಇದರ ಬಗ್ಗೆ ಯಾರೂ ಮಾತಾಡಲ್ಲ.

ದಕ್ಷಿಣದ ಕಡೆ ಬೆಂಗಳೂರಿನ ಬೆಳಕು ಎದ್ದು ಕಾಣುತ್ತೆ. ಆ ಕಡೆಯದ್ದೆಲ್ಲ ಬಿಟ್ಟುಬಿಡೋದಾ?

ಬಿಡಬೇಡಿ. ಬೆಂಗಳೂರು ನಮಗೆ ಸರಿಯಾಗಿ ದಕ್ಷಿಣಕ್ಕೆ 60 ಕಿಲೋಮೀಟರ್ ಒಳಗೇ ಇದೆ, ಆ ಕಡೆ ದಿಗಂತದಿಂದ ಒಂದಷ್ಟು ಎತ್ತರದವರೆಗೆ ಆಕಾಶ ಬೆಳ್ಳಗಿರುತ್ತೆ. ಆದ್ರೆ ನಾವಿರೋದು ಹದಿಮೂರೂವರೆ ಡಿಗ್ರಿ ಅಕ್ಷಾಂಶದಲ್ಲಿ, ಯುರೋಪಿನವರಿಗೆ ಕನಸಲ್ಲೂ ಸಿಗದೇ ಇರೋದು ನಮಗೆ ಆ ಬೆಳಕಿನ ಮೇಲೆ ಸಿಗುತ್ತೆ. ವೀಲಾ ರಾಶಿಯ ಸದರ್ನ್ ರಿಂಗ್, ಎನ್‌ಜಿಸಿ 3132 ನೋಡಿ, 2022ರ ಜುಲೈನಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪ್‌ನ ಮೊದಲ ಚಿತ್ರಗಳ ಜೊತೆ ಬಂದಿತ್ತಲ್ಲ, ಅದೇ. ಲಂಡನ್‌ನಲ್ಲಿ ಅದು ಹುಟ್ಟೋದೇ ಇಲ್ಲ, ಹರ್ಷೆಲ್ ಮಗ ಜಾನ್ ಹರ್ಷೆಲ್ ಅದನ್ನ ಕಂಡಿದ್ದು ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೋಗಿ, 1835ರಲ್ಲಿ. ನಮ್ಮೂರಲ್ಲಿ ಅದು 36 ಡಿಗ್ರಿ ಎತ್ತರಕ್ಕೆ ಬರುತ್ತೆ, ಮಾರ್ಚ್ ಏಪ್ರಿಲ್‌ನಲ್ಲಿ ಎನ್‌ಜಿಸಿ 3242 ನೋಡಿದ ರಾತ್ರೀನೇ ಅದನ್ನೂ ನೋಡ್ಬೋದು.

ಹೀಲಿಕ್ಸ್ ಎನ್‌ಜಿಸಿ 7293 ಮಾತ್ರ ಬೇರೆ ಲೆಕ್ಕ. ಸುಮಾರು 650 ಬೆಳಕಿನ ವರ್ಷ ದೂರ, ಅಂದ್ರೆ ತುಂಬಾ ಹತ್ತಿರದ್ದು, ಹಾಗಾಗಿ ಹುಣ್ಣಿಮೆ ಚಂದ್ರನ ಅರ್ಧಕ್ಕಿಂತ ಜಾಸ್ತಿ ಅಗಲ ಕಾಣುತ್ತೆ, ಬೆಳಕು ಅಷ್ಟಗಲ ಹರಡಿಹೋಗಿರುತ್ತೆ. ಊರೊಳಗಿಂದ ಇದು ಕಷ್ಟ. ಇದಕ್ಕೆ ಗುಡಿಬಂಡೆ, ಬಾಗೇಪಲ್ಲಿ ಕಡೆ ಹೋಗಿ, 40ರ ಆಸುಪಾಸು ಕಡಿಮೆ ಮ್ಯಾಗ್ನಿಫಿಕೇಶನ್, ಜೊತೆಗೆ ಓ-ಥ್ರೀ ಫಿಲ್ಟರ್. ನಂದಿ ಬೆಟ್ಟಕ್ಕೆ ಹೋಗೋಣ ಅಂತ ತುಂಬಾ ಜನ ಕೇಳ್ತಾರೆ, ಅದು ಬೆಂಗಳೂರಿಗೆ ಇನ್ನೂ ಹತ್ತಿರ, ಮೇಲಾಗಿ ಮಂಜು.

ಸರಿಯಾದ ಜಾಗಕ್ಕೇ ಇಟ್ಟಿದ್ದೀನಿ, ಬರೀ ನಕ್ಷತ್ರಗಳು ಕಾಣ್ತಿವೆ. ನೆಬ್ಯುಲಾ ಯಾವುದು?

ಅದರಲ್ಲೇ ಒಂದು ನಿಮ್ಮ ನೆಬ್ಯುಲಾ ಆಗಿರುತ್ತೆ. ಸಣ್ಣ ಪ್ಲಾನೆಟರಿಗಳು ಕಡಿಮೆ ಮ್ಯಾಗ್ನಿಫಿಕೇಶನ್‌ನಲ್ಲಿ ನಕ್ಷತ್ರದ ಥರಾನೇ ಕಾಣುತ್ತೆ. ಓ-ಥ್ರೀ ಫಿಲ್ಟರ್‌ನ ಬೆರಳಲ್ಲಿ ಹಿಡಿದು ಐಪೀಸ್‌ಗೂ ಕಣ್ಣಿಗೂ ನಡುವೆ ಆ ಕಡೆ ಈ ಕಡೆ ಆಡಿಸಿ. ಫಿಲ್ಟರ್ ಬಂದಾಗ ಎಲ್ಲ ನಕ್ಷತ್ರಾನೂ ಮಂಕಾಗುತ್ತೆ, ಒಂದು ಮಾತ್ರ ಹಾಗೇ ನಿಲ್ಲುತ್ತೆ. ಅದೇ. ಆಮೇಲೆ ಮ್ಯಾಗ್ನಿಫಿಕೇಶನ್ ಏರಿಸಿ.

ಕಂಡ ಮೇಲೆ ನೇರ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ, ಯಾಕಂದ್ರೆ ಮಂದ ಬೆಳಕು ಹಿಡಿಯೋ ಕೋಶಗಳು ಕಣ್ಣಿನ ನಟ್ಟ ನಡುವೆ ಇರಲ್ಲ, ಅಂಚಿನ ಕಡೆ ಇರ್ತವೆ. ಸಿಗ್ನಸ್‌ನಲ್ಲಿರೋ ಎನ್‌ಜಿಸಿ 6826ನಲ್ಲಿ ಇದು ಎಷ್ಟು ಚೆನ್ನಾಗಿ ಗೊತ್ತಾಗುತ್ತೆ ಅಂದ್ರೆ ನೇರ ನೋಡಿದ್ರೆ ನಡುವಿನ ನಕ್ಷತ್ರ ಮಾತ್ರ, ಪಕ್ಕಕ್ಕೆ ನೋಡಿದ್ರೆ ನೆಬ್ಯುಲಾ ಬಂದುಬಿಡುತ್ತೆ, ಕಣ್ಣು ಮಿಟುಕಿಸಿದ ಹಾಗೆ. ಅದಕ್ಕೆ ಬ್ಲಿಂಕಿಂಗ್ ಪ್ಲಾನೆಟರಿ ಅಂತಾನೇ ಹೆಸರು.

ಬಣ್ಣ ಕಾಣುತ್ತಾ?

ಎಂ 57 ಬೂದು ಹೊಗೆಯ ಉಂಗುರದ ಥರ, ಬಣ್ಣ ಇಲ್ಲ. ಎನ್‌ಜಿಸಿ 7662, 7009, 3242 ಈ ಮೂರರಲ್ಲಿ 8 ಇಂಚಿಗೆ ತಿಳಿ ನೀಲಿ ಹಸಿರು ನಿಜವಾಗ್ಲೂ ಕಾಣುತ್ತೆ, ಬಣ್ಣ ನೋಡ್ಬೇಕಾದ್ರೆ ಫಿಲ್ಟರ್ ತೆಗೀರಿ. ಕೆಂಪು ಕಣ್ಣಿಗೆ ಸಿಗಲ್ಲ, ಹೈಡ್ರೋಜನ್ ಆಲ್ಫಾದ ಆ 656.3 ನ್ಯಾನೋಮೀಟರ್ ಬೆಳಕಿಗೆ ಕತ್ತಲಲ್ಲಿ ನಮ್ಮ ಕಣ್ಣು ಹೆಚ್ಚೂ ಕಮ್ಮಿ ಕುರುಡು. ಅದು ಕ್ಯಾಮೆರಾ ಕೆಲಸ.

ಫೋನಲ್ಲಿ ಫೋಟೋ ಬರುತ್ತಾ?

ಬರುತ್ತೆ, ಗುರುತು ಸಿಗೋ ಮಟ್ಟಕ್ಕೆ. ಫೋನ್ ಅಡಾಪ್ಟರ್ ಹಾಕಿ, ಕಡಿಮೆ ಮ್ಯಾಗ್ನಿಫಿಕೇಶನ್ ಐಪೀಸ್, ಪ್ರೋ ಮೋಡ್, ಒಂದು ಸೆಕೆಂಡ್ ಒಳಗಿನ ಎಕ್ಸ್‌ಪೋಶರ್, ಟೈಮರ್. ಡಾಬ್ಸೋನಿಯನ್ ತಾನಾಗೇ ಆಕಾಶದ ಹಿಂದೆ ತಿರುಗಲ್ಲ, ಹಾಗಾಗಿ ಅದಕ್ಕಿಂತ ಜಾಸ್ತಿ ಬಿಟ್ರೆ ಎಲ್ಲ ಎಳೆದ ಗೆರೆ ಆಗುತ್ತೆ.

ಡಿಎಸ್ಎಲ್ಆರ್ ಕ್ಯಾಮೆರಾ, ಆಕಾಶದ ಜೊತೆ ತಾನಾಗೇ ತಿರುಗೋ ಟ್ರ್ಯಾಕಿಂಗ್ ಮೌಂಟ್ ಎರಡೂ ಇದೆ. ಸೆಟ್ಟಿಂಗ್ ಏನು ಇಡ್ಲಿ?

ಮೊದಲು ಗಾತ್ರ ಲೆಕ್ಕ ಹಾಕಿ. ಪಿಕ್ಸೆಲ್ ಅಳತೆಯನ್ನ ಮೈಕ್ರಾನ್‌ನಲ್ಲಿ ತಗೊಂಡು 206ರಿಂದ ಗುಣಿಸಿ, ಫೋಕಲ್ ಲೆಂಗ್ತ್ ಎಂಎಂನಿಂದ ಭಾಗಿಸಿ, ಒಂದು ಪಿಕ್ಸೆಲ್‌ಗೆ ಎಷ್ಟು ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ) ಅಂತ ಬರುತ್ತೆ. 3.9 ಮೈಕ್ರಾನ್ ಕ್ಯಾಮೆರಾ, 750 ಎಂಎಂ ಟೆಲಿಸ್ಕೋಪ್ ಆದ್ರೆ ಸುಮಾರು 1.07. ಎಂ 57 ಉದ್ದ ಹೆಚ್ಚೂ ಕಮ್ಮಿ 85 ಆರ್ಕ್ ಸೆಕೆಂಡ್, ಅಂದ್ರೆ 80 ಪಿಕ್ಸೆಲ್ ಅಷ್ಟೇ, ಅಷ್ಟು ದೊಡ್ಡ ಫ್ರೇಮ್‌ನಲ್ಲಿ ಸಾಸಿವೆ ಕಾಳಷ್ಟು. 1200 ಎಂಎಂ ಆದ್ರೆ 125 ಪಿಕ್ಸೆಲ್ ಹತ್ತಿರ. ಆಮೇಲೆ ಕ್ರಾಪ್ ಮಾಡ್ಲೇಬೇಕು, ಅದರಲ್ಲಿ ತಪ್ಪೇನಿಲ್ಲ.

ಐಎಸ್ಒ 800, ರಾ ಫೈಲ್, 20ರಿಂದ 30 ಸೆಕೆಂಡ್ ಎಕ್ಸ್‌ಪೋಶರ್, ಅಂಥವು ನೂರು. ಇವು ಪ್ರಕಾಶದ ವಸ್ತುಗಳಾದ್ರಿಂದ ಐದೈದು ನಿಮಿಷದ ಎಕ್ಸ್‌ಪೋಶರ್ ಬೇಕಿಲ್ಲ, ಚಿಕ್ಕ ಎಕ್ಸ್‌ಪೋಶರ್ ಜಾಸ್ತಿ ತೆಗೆದು ಗಾಳಿ ಅಲುಗಾಟ ಇರೋ ಫ್ರೇಮ್ ಎಸೆದುಬಿಟ್ರೆ ವಿವರ ಚೆನ್ನಾಗಿ ಬರುತ್ತೆ. ಎನ್‌ಜಿಸಿ 2392, 6543 ಥರದ್ದರಲ್ಲಿ ನಡುಭಾಗ ಬೇಗ ಸುಟ್ಟು ಬಿಳಿ ಆಗುತ್ತೆ, ಅದಕ್ಕೆ 2ರಿಂದ 5 ಸೆಕೆಂಡಿನದ್ದು ಒಂದು ಸೆಟ್, ಹೊರಗಿನ ಮಂದ ಪದರಕ್ಕೆ ಉದ್ದದ್ದು ಒಂದು ಸೆಟ್ ತೆಗೆದು ಆಮೇಲೆ ಸೇರಿಸಿ. ಕ್ಯಾಮೆರಾ ಮಾಡಿಫೈ ಮಾಡಿಸ್ಬೇಕಾ ಅಂತ ಕೇಳ್ತಾರೆ. ಮಾಮೂಲಿ ಡಿಎಸ್ಎಲ್ಆರ್ ಒಳಗಿನ ಫಿಲ್ಟರ್ ಹೈಡ್ರೋಜನ್ ಆಲ್ಫಾನ ತುಂಬಾ ಕಡಿಮೆ ಮಾಡುತ್ತೆ ನಿಜ, ಆದ್ರೆ ಆಕ್ಸಿಜನ್ ಗೆರೆಗೆ ಏನೂ ಅಡ್ಡಿ ಮಾಡಲ್ಲ, ಹಾಗಾಗಿ ಪ್ಲಾನೆಟರಿಗೆ ಇದ್ದ ಕ್ಯಾಮೆರಾನೇ ಸಾಕು.

ಡಾರ್ಕ್ ಫ್ರೇಮ್, ಅಂದ್ರೆ ಮುಚ್ಚಳ ಹಾಕಿ ಅಷ್ಟೇ ಹೊತ್ತು ತೆಗೆಯೋ ಕಪ್ಪು ಫೋಟೋ, ಬಿಡಬೇಡಿ, ಬೇಸಿಗೆ ರಾತ್ರಿ ಸೆನ್ಸರ್ ಬಿಸಿಯಾಗಿ ಚುಕ್ಕೆ ಚುಕ್ಕೆ ಬರುತ್ತೆ. ಫ್ಲಾಟ್‌ಗೆ, ಅಂದ್ರೆ ಅಂಚಿನ ಮಂಕು, ಧೂಳಿನ ಗುರುತು ಸರಿ ಮಾಡೋ ಫೋಟೋಗೆ, ಟೆಲಿಸ್ಕೋಪ್ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಬೆಳಗಿನ ಆಕಾಶಕ್ಕೆ ಹಿಡೀರಿ. ಸ್ಟ್ಯಾಕ್ ಮಾಡೋಕೆ, ಅಂದ್ರೆ ಎಲ್ಲ ಫ್ರೇಮ್ ಒಂದಾಗಿ ಸೇರಿಸೋಕೆ, ಸಿರಿಲ್, ಡೀಪ್ ಸ್ಕೈ ಸ್ಟ್ಯಾಕರ್ ಅನ್ನೋ ಸಾಫ್ಟ್‌ವೇರ್ ಎರಡೂ ಫ್ರೀ.

ಧ್ರುವ ನಕ್ಷತ್ರ ಕಾಣ್ತಾನೇ ಇಲ್ಲ. ಪೋಲಾರ್ ಅಲೈನ್ ಹೇಗೆ ಮಾಡೋದು?

ಪೋಲಾರ್ ಅಲೈನ್ ಅಂದ್ರೆ ಮೌಂಟಿನ ಅಕ್ಷವನ್ನ ಆಕಾಶ ಸುತ್ತೋ ಧ್ರುವ ಬಿಂದುವಿನ ಕಡೆ ನೇರ ಮಾಡೋದು. ನಮ್ಮೂರಲ್ಲಿ ಧ್ರುವ ಬರೀ 13 ಡಿಗ್ರಿ ಎತ್ತರ. ಪಕ್ಕದ ಮನೆ ಮಹಡಿ, ಒಂದು ತೆಂಗಿನ ಮರ ಸಾಕು ಮರೆಯಾಗೋಕೆ, ಹಿತ್ತಲಲ್ಲಿ ಇರೋ ಹತ್ತರಲ್ಲಿ ಎಂಟು ಜನಕ್ಕೆ ಕಾಣಲ್ಲ. ಕ್ಯಾಮೆರಾನ ಲ್ಯಾಪ್‌ಟಾಪ್‌ಗೆ ಹಾಕಿ ನೀನಾ ಸಾಫ್ಟ್‌ವೇರ್‌ನ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಬಳಸಿ, ಆಕಾಶದ ಯಾವ ಭಾಗ ಕಂಡ್ರೂ ಆಗುತ್ತೆ. ಅದಿಲ್ಲ ಅಂದ್ರೆ ಹಳೇ ಡ್ರಿಫ್ಟ್ ವಿಧಾನ (ನಕ್ಷತ್ರ ಯಾವ ಕಡೆ ಜಾರುತ್ತೆ ಅಂತ ನೋಡಿ ಸರಿ ಮಾಡೋದು), ನಿಧಾನ ಆದ್ರೂ ನಿಖರ. ಇನ್ನೊಂದು ವಿಷ್ಯ, ಕೆಲವು ಮೌಂಟ್‌ಗಳಲ್ಲಿ ಅಕ್ಷಾಂಶ 13ಕ್ಕೆ ಇಳಿಸಿದಾಗ ಕೌಂಟರ್‌ವೇಟ್ ಹೋಗಿ ಟ್ರೈಪಾಡ್ ಕಾಲಿಗೆ ತಾಗುತ್ತೆ, ತಗೊಳ್ಳೋ ಮುಂಚೆನೇ ಅಂಗಡಿಯವರ ಹತ್ರ ಇಳಿಸಿ ತೋರಿಸಿ ಅಂತ ಕೇಳಿ.

ಸೀಸ್ಟಾರ್ ಥರ ತಾನೇ ಹುಡುಕಿ ಫೋಟೋ ತೆಗೆಯೋ ಸ್ಮಾರ್ಟ್ ಟೆಲಿಸ್ಕೋಪ್ ಆಗುತ್ತಾ?

ಎಂ 27ಕ್ಕೆ, ಹೀಲಿಕ್ಸ್‌ಗೆ ಬಹಳ ಚೆನ್ನಾಗಿ ಆಗುತ್ತೆ, ಸೀಸ್ಟಾರ್ ಎಸ್ 50ರ ಒಳಗೇ ಡ್ಯುಯಲ್ ಬ್ಯಾಂಡ್ ಫಿಲ್ಟರ್ (ಹೈಡ್ರೋಜನ್ ಆಲ್ಫಾ, ಆಕ್ಸಿಜನ್ ಗೆರೆಗಳನ್ನ ಮಾತ್ರ ಬಿಡೋದು) ಇದೆ, ಊರ ಬೆಳಕಲ್ಲೂ ಕೆಂಪು, ನೀಲಿ ಹಸಿರು ಎರಡೂ ಬರುತ್ತೆ. ಆದ್ರೆ ಫೋಕಲ್ ಲೆಂಗ್ತ್ 250 ಎಂಎಂ ಮಾತ್ರ, ಎಂ 57 ಸಣ್ಣ ಉಂಗುರ ಆಗಿ ಬರುತ್ತೆ, ಬ್ಲೂ ಸ್ನೋಬಾಲ್ ಬರೀ ಚುಕ್ಕೆ.

ಟೆರೇಸ್ ಒಳ್ಳೇದಾ, ಹಿತ್ತಲು ಒಳ್ಳೇದಾ?

ಆಕಾಶ ಜಾಸ್ತಿ ಕಾಣೋದು ಟೆರೇಸ್‌ನಲ್ಲಿ, ಆದ್ರೆ ಬೇಸಿಗೆಯಲ್ಲಿ ಕಾಂಕ್ರೀಟ್ ಹಗಲೆಲ್ಲ ಕಾದಿರುತ್ತೆ, ರಾತ್ರಿ ಹನ್ನೆರಡಾದ್ರೂ ಬಿಸಿ ಗಾಳಿ ಏಳ್ತಾ ಇರುತ್ತೆ, 200ರ ಮ್ಯಾಗ್ನಿಫಿಕೇಶನ್‌ನಲ್ಲಿ ಎಲ್ಲ ಕಲಕಿದ ಹಾಗಾಗುತ್ತೆ. ಮಣ್ಣು, ಹುಲ್ಲು ಇರೋ ಹಿತ್ತಲು ಬೇಗ ತಣ್ಣಗಾಗುತ್ತೆ. ಟೆಲಿಸ್ಕೋಪ್‌ನ ಒಂದು ಗಂಟೆ ಮುಂಚೆ ಹೊರಗಿಡಿ. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ವಿಪರೀತ, ಟ್ಯೂಬ್ ಮುಂದಕ್ಕೆ ಯೋಗ ಮ್ಯಾಟ್ ಸುತ್ತಿ ಕೊಳವೆ ಮಾಡಿ ಹಾಕಿ, ಫೋಟೋ ತೆಗೆಯೋರು ಡ್ಯೂ ಹೀಟರ್ ತಗೊಳ್ಳಿ. ಕರೆಂಟ್ ಹೋಗೋದು ಇದ್ದಿದ್ದೇ, ಮೌಂಟ್‌ನ 12 ವೋಲ್ಟ್ ಬ್ಯಾಟರಿ ಮೇಲೆ ಓಡಿಸಿ. ಕರೆಂಟ್ ಹೋದ್ರೆ ಬೀದಿ ದೀಪಾನೂ ಹೋಗುತ್ತೆ, ಆಗ ಕ್ಯಾಮೆರಾ ಬಿಟ್ಟು ಐಪೀಸ್ ಹತ್ರ ಓಡಿ.

ಗೌರಿಬಿದನೂರಿನಲ್ಲಿ ದೊಡ್ಡ ಟೆಲಿಸ್ಕೋಪ್ ಇದ್ಯಲ್ಲ, ಅಲ್ಲಿ ತೋರಿಸ್ತಾರಾ?

ಅದು ರೇಡಿಯೋ ಟೆಲಿಸ್ಕೋಪ್, ಕಣ್ಣಿಟ್ಟು ನೋಡೋ ಜಾಗ ಇಲ್ಲ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ್ದು, ಹೊಲದಲ್ಲಿ ಟಿ ಆಕಾರದಲ್ಲಿ ಸಾಲಾಗಿ ನಿಲ್ಲಿಸಿದ ಆಂಟೆನಾಗಳು, 34.5 ಮೆಗಾಹರ್ಟ್ಸ್ ರೇಡಿಯೋ ಅಲೆ ಹಿಡಿಯೋಕೆ. ಸೂರ್ಯನನ್ನ ಗಮನಿಸೋಕೆ ಬೇರೆ ಆಂಟೆನಾ ಸಾಲುಗಳೂ ಅಲ್ಲಿವೆ. ಜಿಲ್ಲೆಯವರು ಹೆಮ್ಮೆ ಪಡೋ ಜಾಗ, ಆದ್ರೆ ನಿಮ್ಮ ರಿಂಗ್ ನೆಬ್ಯುಲಾಗೆ ನಿಮ್ಮ ಟೆಲಿಸ್ಕೋಪೇ ಬೇಕು.

ಎಂ 57 ನಡುವಿನ ನಕ್ಷತ್ರ ನನ್ನ ಫೋಟೋದಲ್ಲಿ ಬಂದಿದೆಯಾ ಅಂತ ಹೇಗೆ ತಿಳಿಯೋದು?

ಕಣ್ಣಿಗೆ ಅದು ದೊಡ್ಡ ಟೆಲಿಸ್ಕೋಪಲ್ಲೂ ಕಷ್ಟ, ಸುಮಾರು 15.8 ಮ್ಯಾಗ್ನಿಟ್ಯೂಡ್ (ಪ್ರಕಾಶದ ಅಳತೆ, ಅಂಕಿ ದೊಡ್ಡದಾದಷ್ಟೂ ಮಂಕು), ಸುತ್ತಲಿನ ಮಬ್ಬು ಅದನ್ನ ಇನ್ನೂ ಮುಚ್ಚುತ್ತೆ. ಕ್ಯಾಮೆರಾಗೆ 6 ಇಂಚಿನಲ್ಲೂ ಸಿಗುತ್ತೆ. ಸ್ಟ್ಯಾಕ್ ಆದ್ಮೇಲೆ ಉಂಗುರದ ಒಳಗೆ ಜೂಮ್ ಮಾಡಿ, ಎರಡು ಚುಕ್ಕೆ ಬಂದಿರಬಹುದು, ಸರಿಯಾಗಿ ನಡುಮಧ್ಯ ಇರೋದು ನಿಮ್ಮ ನಕ್ಷತ್ರ, ಇನ್ನೊಂದು ಅದೇ ದಿಕ್ಕಲ್ಲಿ ಸುಮ್ಮನೆ ಕಾಣೋ ಬೇರೆಯದ್ದು. ನಡುವಿನ ನಕ್ಷತ್ರದ ಮೇಲ್ಮೈ ಬಿಸಿ ಲಕ್ಷ ಡಿಗ್ರಿ ಮೀರಿದ್ದು, ಉಂಗುರ ಹೊಳೀತಿರೋದೇ ಅದರಿಂದ. ಓ-ಥ್ರೀ ಅಥವಾ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹಾಕಿ ತೆಗೆದಿದ್ರೆ ಅದು ಬರದೇ ಇರಬಹುದು, ಯಾಕಂದ್ರೆ ಫಿಲ್ಟರ್ ನಕ್ಷತ್ರದ ಬೆಳಕನ್ನೇ ತಡೆಯುತ್ತೆ. ಆ ನಕ್ಷತ್ರಕ್ಕೋಸ್ಕರ ಫಿಲ್ಟರ್ ಇಲ್ಲದೇ ಒಂದು ಸೆಟ್ ತೆಗೀರಿ, ಚಂದ್ರ ಇಲ್ಲದ ರಾತ್ರಿ, ಎಂ 57 ಪೂರ್ತಿ ಮೇಲೇರಿದಾಗ.